ಅವ್ವನ ಎಡೆಗೊಂದು ದಿಲ್‌ಪಸಂದ್

ಹಾಸನದ ಕಾಲೇಜೊಂದರಲ್ಲಿ, ಕತೆ ಬರೆಯುವುದು ಹೇಗೆಂದು ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು, ಮೈಕಿನ ಮುಂದೆ ನಿಲ್ಲಿಸಿದರು. ಕೊನೆಯ ಬೆಂಚಿನ ಒಂದು ಹುಡುಗಿ ಎದ್ದು, ನಿಮಗೆ ಬರೆಯಲು ಸ್ಫೂರ್ತಿ ಎಲ್ಲಿಂದ ಬಂತು ಮೇಡಂ, ಮೊದಲ ಸಲ ಶುರು ಮಾಡಿದ್ದು ಹೇಗೆ ಎಂದು ಕೇಳಿದಳು. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಚೆನ್ನಾಗಿ ಓದಬೇಕು, ಕಣ್ಣು ಬಿಟ್ಟು ಸುತ್ತಮುತ್ತ ನೋಡಬೇಕು, ದಿನಾ ಒಂದು ಪುಟವಾದರೂ ಗೀಚಬೇಕು, ಇತ್ಯಾದಿ. ಪಾಪ, ಅದು ತಲೆಯಾಡಿಸಿ ಬರೆದುಕೊಂಡಿತು. ಬಸ್ಸಿನಲ್ಲಿ ವಾಪಸು ಬರುವಾಗ, ಶಾಂತಿಗ್ರಾಮ ದಾಟುವಷ್ಟರಲ್ಲಿ ನನಗೆ ನನ್ನ ಮೇಲೇ ರೇಗಿಹೋಯಿತು. ನಾನೇನು ಓದಿ ಬರೆಯಲು ಶುರುಮಾಡಿದವಳೇ? ನಮ್ಮ ಮನೆಯಲ್ಲಿ ಪಂಚಾಂಗ ಬಿಟ್ಟರೆ ಓದುವಂಥದ್ದು ಏನಿತ್ತು, ಮಣ್ಣು. ನನಗೆ ಅವ್ವ ಇರಲಿಲ್ಲ. ಅವಳ ವಿಷಯ ಒಂದೇ ಒಂದು ನಿಜವಾದ ಸಂಗತಿ ಗೊತ್ತಾಗಬೇಕಿತ್ತು, ಅದನ್ನು ಹೇಳುವವರು ಯಾರೂ ಇರಲಿಲ್ಲ. ಶುರುವಾಗಿದ್ದು ಅಲ್ಲಿಂದ.

ಚನ್ನರಾಯಪಟ್ಟಣದ ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹೆಂಚಿನ ಮನೆ. ನಡುಮನೆ, ಅದರ ಪಕ್ಕಕ್ಕೆ ಕಿಟಕಿಯಿಲ್ಲದ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಮೇಲೆ ಅಟ್ಟ. ಅಟ್ಟದ ತುಂಬ ಅತ್ತೆಯ ತೋಟದ ತೆಂಗಿನಕಾಯಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಒಣಗುತ್ತ ಬಿದ್ದಿರುತ್ತಿದ್ದವು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ನನ್ನನ್ನು ಸಾಕಿ, ಮನೆಯ ಯಜಮಾನಿಕೆಯನ್ನೂ ತಾನೇ ವಹಿಸಿಕೊಂಡಿದ್ದಳು. ಅಪ್ಪ ಬಸ್ಸಿನ ಡ್ರೈವರು. ಬೆಳಿಗ್ಗೆ ಹೊಳೆನರಸೀಪುರದ ಕಡೆ ಹೋದರೆ ಅರಕಲಗೂಡಿನಲ್ಲಿ ರಾತ್ರಿ ತಂಗಿ, ಮಾರನೆಯ ದಿನ ಬರುತ್ತಿದ್ದ. ಹಾಗಾಗಿ ಮೂರು ಜನರ ಮನೆಯಲ್ಲಿ ಮೂರು ಹೊತ್ತಿನ ಊಟ. ಅತ್ತೆ ನಸುಕಿಗೇ ತಂಗಳು ಉಂಡು ತೋಟಕ್ಕೆ ಹೋಗಿಬಿಡುತ್ತಿದ್ದಳು, ಅಪ್ಪನ ಮುದ್ದೆ ಬೋಸಿಯ ಕೆಳಗೆ ಮುಚ್ಚಿ ಕೂತು ತಣ್ಣಗಾಗುತ್ತಿತ್ತು, ನಾನು ಸ್ಕೂಲಿಂದ ಬಂದು ಅಡುಗೆಮನೆಯ ಹೊಸಿಲ ಮೇಲೆ ತಟ್ಟೆ ಇಟ್ಟುಕೊಂಡು ಒಬ್ಬಳೇ ಉಣ್ಣುತ್ತಿದ್ದೆ. ಬೇಸರವಾದರೆ ಅಟ್ಟ ಹತ್ತಿ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ಒಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತಿತ್ತು. ಎನ್ನದಿದ್ದರೆ ಇನ್ನೂ ಆಗಿಲ್ಲ ಎಂದರ್ಥ, ಮತ್ತೆ ಇದ್ದಲ್ಲೇ ಇಟ್ಟು ಬರಬೇಕು. ಆಗದ ಕಾಯಿ ಒಡೆದರೆ ಅತ್ತೆ ಬೆನ್ನು ಮುರಿಯುತ್ತಿದ್ದಳು. ನಾನು ಈಗಲೂ ಬರೆದದ್ದನ್ನು ಹಾಗೆಯೇ ಅಲ್ಲಾಡಿಸಿ ನೋಡುತ್ತೇನೆ, ಸದ್ದು ಬರದಿದ್ದರೆ ಎತ್ತಿಡುತ್ತೇನೆ.

ಅವ್ವ ಸತ್ತಾಗ ನಾನು ತೊಟ್ಟಿಲ ಕೂಸು. ಅವಳಿಗೆ ಜ್ವರ ಏರಿದ ರಾತ್ರಿ ಅಪ್ಪ ಅರಕಲಗೂಡಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಮಲಗಿದ್ದ. ಬೆಳಿಗ್ಗೆ ಬರುವ ಹೊತ್ತಿಗೆ ಮಾತು ನಿಂತುಹೋಗಿತ್ತಂತೆ. ಹೆಣದ ಮುಂದೆಯೇ ಅವ್ವನ ತವರಿನವರು ನಮ್ಮ ಹುಡುಗಿಯನ್ನು ನೋಡಿಕೊಳ್ಳಲಿಲ್ಲ ಎಂದು ಜಗಳ ತೆಗೆದು, ಮಣ್ಣು ಹಾಕಿ ಹೋದವರು ಮತ್ತೆ ನಮ್ಮ ಬಾಗಿಲು ತುಳಿಯಲಿಲ್ಲ. ಅಷ್ಟು ಮಾತ್ರ ಬೀದಿಯವರಿಂದ ಕೇಳಿ ಗೊತ್ತಿತ್ತು. ಮನೆಯೊಳಗೆ ಅವ್ವನ ಹೆಸರು ಎತ್ತುವ ಹಾಗಿರಲಿಲ್ಲ. ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ಅತ್ತೆ ಆಗಾಗ ಯಾವುದೋ ಊರಿನ ಹೆಣ್ಣಿನ ಸುದ್ದಿ ತಂದು ಅಪ್ಪನಿಗೆ ಇನ್ನೊಂದು ಮದುವೆಯ ಮಾತು ಆಡುತ್ತಿದ್ದಳು, ಅಪ್ಪ ಎದ್ದು ಹೋಗಿ ಜಗಲಿಯ ಮೇಲೆ ಕೂರುತ್ತಿದ್ದ, ಅತ್ತೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಬೆಳಗುತ್ತಿದ್ದಳು. ಅದೇ ನಮ್ಮ ಮನೆಯ ಜಗಳ. ನಾನು ಅವ್ವ ಹೇಗಿದ್ದಳು ಎಂದು ಕೇಳಿದರೆ ಅತ್ತೆ, ಎಲ್ಲರ ಹಾಗೇ ಇದ್ದಳು, ಹೋಗಿ ನೀರು ಸೇದು ಎನ್ನುತ್ತಿದ್ದಳು. ಅಪ್ಪನನ್ನು ಕೇಳಲು ಧೈರ್ಯವಾಗುತ್ತಿರಲಿಲ್ಲ. ಒಂದು ಸಲ ಕೇಳಿದ್ದೆ. ಅವನು ನನ್ನ ಮುಖವನ್ನೇ ನೋಡಿ, ಟವೆಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದ.

ವರ್ಷಕ್ಕೊಂದು ದಿನ ಮಾತ್ರ ಅವ್ವ ಮನೆಗೆ ಬರುತ್ತಿದ್ದಳು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಪಕ್ಷ ಮಾಡುತ್ತಾರೆ, ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಕಿಟಕಿಯಿಲ್ಲದ ಆ ಕೋಣೆಯನ್ನು ಸಾರಿಸಿ, ಗೋಡೆಗೆ ಒತ್ತಿ ಹೊಸ ಬಟ್ಟೆ ಮಡಿಸಿಟ್ಟು, ಬಾಳೆ ಎಲೆ ಹಾಸಿ, ಮಾಂಸದ ಸಾರು, ಮುದ್ದೆ, ಅನ್ನ, ವಡೆ, ಕಜ್ಜಾಯ ಎಲ್ಲ ಬಡಿಸಿ, ಧೂಪ ಹಾಕಿ, ಅವರವರ ಹೆಸರು ಹೇಳಿ ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಆಚೆ ನಿಲ್ಲಬೇಕು. ಒಳಗೆ ಅವರು ಉಣ್ಣುತ್ತಾರೆ. ಆ ಹೊತ್ತು ಯಾರೂ ಪಿಟಕ್ಕೆನ್ನುವಂತಿಲ್ಲ. ಆಮೇಲೆ ಅತ್ತೆ ಕೆಮ್ಮಿ ಬಾಗಿಲು ತೆಗೆಯುತ್ತಿದ್ದಳು. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಎಡೆಯಲ್ಲಿ ಇಡದಿದ್ದರೆ ಅವರು ಉಣ್ಣದೆ ಎದ್ದು ಹೋಗುತ್ತಾರೆ ಎಂಬುದು ನಂಬಿಕೆ. ತಾತನ ಎಲೆಯ ಪಕ್ಕ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅಜ್ಜಿಯ ಎಲೆಯ ಪಕ್ಕ ನಶ್ಯದ ಡಬ್ಬಿ. ಅತ್ತೆಯ ಗಂಡನಿಗೆ ಒಂದು ಕಾಲು ಬಾಟಲಿ. ಅವ್ವನ ಎಲೆಯ ಪಕ್ಕ ಹಸಿರು ಬಳೆ, ಅರಿಶಿನ ಕುಂಕುಮ, ಕನಕಾಂಬರದ ಮೊಳ. ಅವು ಮುತ್ತೈದೆಯಾಗಿ ಸತ್ತ ಯಾರಿಗಾದರೂ ಇಡುವಂಥವು, ಅದರಲ್ಲಿ ಅವ್ವನದೇ ಎಂಬುದು ಏನೂ ಇರಲಿಲ್ಲ. ಇವಳು ಪ್ರತಿ ವರ್ಷ ಉಣ್ಣದೆಯೇ ಎದ್ದು ಹೋಗುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿತ್ತು. ಹಬ್ಬದ ದಿನ ಹೊಟ್ಟೆ ತುಂಬ ಉಂಡು ಕೋಣೆಯ ಬಾಗಿಲಿಗೆ ಒರಗಿ ಅಳುತ್ತಿದ್ದೆ. ಮಾಂಸ ಜಾಸ್ತಿಯಾಗಿ ಹೊಟ್ಟೆನೋವು ಎಂದು ಅತ್ತೆ ಓಮ ಅಗಿಸುತ್ತಿದ್ದಳು.

ನಾಲ್ಕನೇ ಕ್ಲಾಸಿನ ವರ್ಷದ ಪಕ್ಷ. ಕತ್ತಲಾಗುತ್ತಿತ್ತು, ಎಲೆಗಳು ಹಾಸಿದ್ದವು, ಅಪ್ಪ ಡ್ಯೂಟಿ ಮುಗಿಸಿ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ. ಅತ್ತೆ ನಶ್ಯದ ಡಬ್ಬಿ ಇಟ್ಟು ಮೇಲೇಳುವಾಗ ನನ್ನ ಬಾಯಿಂದ ಬಂದುಬಿಟ್ಟಿತು, ಅವ್ವನಿಗೆ ದಿಲ್‌ಪಸಂದ್ ಎಂದರೆ ಇಷ್ಟ, ಅದನ್ನು ಇಡಬೇಕು ಎಂದು. ಬಸ್‌ ಸ್ಟ್ಯಾಂಡಿನ ಬೇಕರಿಯ ಗಾಜಿನ ಹಿಂದೆ ಕೊಬ್ಬರಿ ತುಂಬಿ, ಮೂಲೆ ಮೂಲೆಯಾಗಿ ಕತ್ತರಿಸಿ ಇಟ್ಟಿರುತ್ತಿದ್ದರಲ್ಲ, ಅದು. ನಾನು ಅಲ್ಲಿಯವರೆಗೆ ಗಾಜಿನ ಆಚೆಯಿಂದ ನೋಡಿದ್ದೆನೇ ಹೊರತು ತಿಂದಿರಲಿಲ್ಲ. ಯಾಕೆ ಅದೇ ನೆನಪಾಯಿತೋ ದೇವರೇ ಬಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೆ ತಿನ್ನೋ ಆಸೆ ಇದ್ರೆ ನೆಟ್ಟಗೆ ಕೇಳು. ಸತ್ತೋರ ಹೆಸ್ರು ಯಾಕ್ ಹೇಳೀಯೆ?"

"ನಂಗಲ್ಲ, ಅವ್ವಂಗೆ. ಅಪ್ಪನ ಬಸ್ಸು ಬರೋಗಂಟ ಬೇಕರಿ ತಾವ ನಿಂತ್ಕಂಡು ತಿಂತಿದ್ಲು. ಅರ್ಧ ತಿಂದು, ಇನ್ನರ್ಧನ ಸೆರಗಿಗೆ ಕಟ್ಕಂಡು ಅಪ್ಪಂಗೆ ಅಂತ ಇಟ್ಕತಿದ್ಲು."

"ಯಾರ್ ಹೇಳುದ್ರು ನಿಂಗೆ?"

"ಯಾರೂ ಹೇಳಿಲ್ಲ. ನಂಗೊತ್ತು."

ಹೇಳುತ್ತ ಹೇಳುತ್ತಲೇ ನನಗೆ ಕಂಡಿತ್ತು. ಬೇಕರಿಯ ಮೆಟ್ಟಿಲು, ಅದರ ಮೇಲೆ ಕಾಲು ಬದಲಿಸುತ್ತ ನಿಂತ ಒಬ್ಬಳು, ಸೆರಗಿನ ತುದಿಯ ಗಂಟು. ಮುಖ ಮಾತ್ರ ಕಾಣಲಿಲ್ಲ. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕಾಲಿನ ನೀರು ನೆಲಕ್ಕೆ ಇಳಿಯುತ್ತಿತ್ತು. ಒದ್ದೆ ಕಾಲಿಗೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ ತಂದು ತಾನೇ ಬಿಚ್ಚಿ ಅವ್ವನ ಎಲೆಯ ತುದಿಗೆ ಇಟ್ಟ. ಬಾಗಿಲು ಎಳೆದರು. ನಾವು ಮೂವರೂ ಆಚೆ ನಿಂತೆವು. ಅತ್ತೆ ಕೆಮ್ಮಿ ಬಾಗಿಲು ತೆಗೆದಾಗ ಬೇರೆ ಎಲೆಗಳೆಲ್ಲ ಇಟ್ಟದ್ದು ಇಟ್ಟ ಹಾಗೆ ಇದ್ದವು, ಅವ್ವನ ಎಲೆಗೆ ಮಾತ್ರ ಗೋಡೆಯ ಬಿರುಕಿನಿಂದ ಇರುವೆಗಳು ಸಾಲಾಗಿ ಬಂದು ದಿಲ್‌ಪಸಂದಿಗೆ ಮುತ್ತಿದ್ದವು. ಸಕ್ಕರೆ ಇದ್ದಲ್ಲಿ ಇರುವೆ ಬಾರದೆ ಆನೆ ಬರುತ್ತದೆಯೇ? ಆದರೆ ಅತ್ತೆಯ ಕಣ್ಣಲ್ಲಿ ನೀರು ಬಂತು. ಬಂದಿದ್ದಳು ಕಣೋ, ಉಂಡಳು ಕಣೋ ಎಂದು ತಮ್ಮನ ಭುಜ ಹಿಡಿದುಕೊಂಡಳು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇರುವೆ ಕೊಡವಿ ನನ್ನ ಕೈಗೆ ಒಂದು ಮೂಲೆ ಕೊಟ್ಟರು. ತಿಂದೆ. ವಿಪರೀತ ಸಿಹಿ, ಗಂಟಲಿಗೆ ಅಂಟಿಕೊಂಡಿತು, ನನಗೆ ಒಂಚೂರೂ ಹಿಡಿಸಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅದನ್ನು ತಿನ್ನಬೇಕಾಯಿತು.

ಆಮೇಲೆ ನನಗೆ ರುಚಿ ಹತ್ತಿತು, ದಿಲ್‌ಪಸಂದಿನದಲ್ಲ, ಹೇಳುವುದರದು. ಪಕ್ಷ ಹತ್ತಿರ ಬಂದಂತೆ ಅಟ್ಟದಲ್ಲಿ ಕೂತು ಈ ವರ್ಷ ಅವ್ವನಿಗೆ ಏನು ಕೊಡಲಿ ಎಂದು ಯೋಚಿಸುತ್ತಿದ್ದೆ. ಒಂದು ವರ್ಷ ಅವ್ವನಿಗೆ ಹಲ್ಲಿ ಕಂಡರೆ ಭಯ ಎಂದೆ. ಒಂದು ವರ್ಷ ಅವಳು ಮುದ್ದೆ ತಿರುವುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಲು ಆಗುತ್ತಿರಲಿಲ್ಲ. ಅವ್ವ ಇಂಗ್ಲಿಷ್ ಮಾತಾಡುತ್ತಿದ್ದಳು ಎಂದರೆ ಅತ್ತೆ ನಗುತ್ತಿದ್ದಳು, ಅದಕ್ಕೆ ಸದ್ದು ಬರುತ್ತಿರಲಿಲ್ಲ. ಹಲ್ಲಿಗೆ ಬಂತು. ಅದು ಯಾಕೆ ಹಾಗೆ ಎಂದು ಆಗ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಅಪ್ಪ ಮಾತ್ರ ನಾನು ಹೇಳುವಾಗ ಏನು ಕೆಲಸ ಮಾಡುತ್ತಿದ್ದರೂ ನಿಲ್ಲಿಸಿ, ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ನಾನು ಸ್ಕೂಲಿಂದ ಬಂದಾಗ ಅತ್ತೆ ಪಕ್ಕದ ಮನೆಯವಳ ಜೊತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.

"ನಮ್ ರತ್ನಿ ಇದ್ದಿದ್ರೆ ಈಗ ಚೀರ್ಕಂಡು ಬೀದಿಗೋಗಿರೋಳು," ಎಂದಳು ಅತ್ತೆ, ಅವ್ವನ ಹೆಸರು ಹಿಡಿದು. "ಒಂದ್ಸಲ ಸಾರಿನ್ ಪಾತ್ರೆನೇ ಕೈಬುಟ್ಬುಟ್ಟಿದ್ಲು ಕಣೇ, ನಾನೇ ನೋಡಿವ್ನಿ."

ಮೊದಲು ನನಗೆ ಕುಣಿಯುವಷ್ಟು ಖುಷಿಯಾಯಿತು. ಚೀಲ ಇಳಿಸಿ ಒಳಗೆ ಹೋಗಿ ನೀರು ಕುಡಿಯುವಾಗ ಇನ್ನೊಂದು ಹೊಳೆಯಿತು. ಸಾರಿನ ಪಾತ್ರೆಯ ಕತೆ ನಾನು ಹೇಳಿದ್ದಲ್ಲ. ಅತ್ತೆ ನಿಜವಾಗಿ ನೋಡಿದ್ದಳೋ, ನನ್ನ ಹಲ್ಲಿಗೆ ತನ್ನ ಪಾತ್ರೆ ಸೇರಿಸಿದ್ದಳೋ ಕೇಳುವುದು ಹೇಗೆ? ಕೇಳಿದರೆ ಹಲ್ಲಿ ನನ್ನದು ಎಂದು ಹೇಳಬೇಕಾಗುತ್ತದೆ. ಮನೆಯಲ್ಲಿ ಈಗ ಎಲ್ಲರಿಗೂ ಅವ್ವ ಇದ್ದಳು, ನನಗೇ ಇರಲಿಲ್ಲ. ನಾನು ಹೇಳದೆ ಇದ್ದದ್ದು ಏನಾದರೂ ಅವಳಲ್ಲಿ ಉಳಿದಿದೆಯೇ ಎಂದು ಹುಡುಕಿಕೊಂಡು ಹೋಗಲು ನನಗೆ ಜಾಗವಿರಲಿಲ್ಲ. ಅಷ್ಟು ಒಂಟಿ ಅಂತ ನನಗೆ ಅದಕ್ಕೆ ಮುಂಚೆ ಯಾವತ್ತೂ ಅನ್ನಿಸಿರಲಿಲ್ಲ.

ಹಾಸನದಲ್ಲಿ ಓದುವಾಗ ಒಂದು ಭಾನುವಾರ ಯಾರಿಗೂ ಹೇಳದೆ ಅರಕಲಗೂಡಿನ ಬಸ್ಸು ಹತ್ತಿ ಅವ್ವನ ತವರಿಗೆ ಹೋದೆ. ಅವ್ವನ ತಮ್ಮ ಇದ್ದ. ನಾನು ಯಾರೆಂದು ಹೇಳಿದೊಡನೆ ಜಗಳವೆಲ್ಲ ಮರೆತು ಕೈಹಿಡಿದು ಒಳಗೆ ಕರೆದುಕೊಂಡ. ಅಜ್ಜಿ ತಾತ ಹೋಗಿ ಬಹಳ ವರ್ಷವಾಗಿತ್ತು. ಅಕ್ಕನ ಮದುವೆಯಾದಾಗ ತಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ, ಅಕ್ಕ ಏನು ಇಕ್ಕಿದರೂ ಉಣ್ಣುತ್ತಿದ್ದಳು, ಇಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಿದವಳಲ್ಲ ಎಂದ. ಅವನಿಗೆ ಅಷ್ಟೇ ಗೊತ್ತಿದ್ದುದು. ಹೊರಡುವಾಗ ಅವನ ಹೆಂಡತಿ ಕುಂಕುಮ ಇಟ್ಟು ರವಿಕೆ ಕಣ ಕೊಟ್ಟಳು. ವಾಪಸು ಬಸ್ಸಿನಲ್ಲಿ ಕಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇನ್ನು ಉಳಿದವನು ಅಪ್ಪ ಒಬ್ಬನೇ.

ಹೊಳೆನರಸೀಪುರದಲ್ಲಿ ಟೀಚರ್ ಕೆಲಸ ಸಿಕ್ಕಿ, ಹೊಳೆಯ ಕಡೆಯ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದೆ. ಆ ವರ್ಷ ಪಕ್ಷಕ್ಕೆ ಊರಿಗೆ ಹೋಗಲಾಗಲಿಲ್ಲ. ಚಳಿಜ್ವರ ಬಂದು ಮಲಗಿದ್ದೆ. ಸಂಜೆ ಎದ್ದು ಬಾಗಿಲಿಗೆ ಬಂದರೆ ಮನೆಯ ಮಾಲೀಕರ ಕಡೆಯಿಂದ ಧೂಪದ ವಾಸನೆ. ಅವರೆಲ್ಲ ಕೋಣೆಯ ಬಾಗಿಲು ಎಳೆದುಕೊಂಡು, ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟು ಆಚೆ ನಿಂತಿದ್ದರು. ಅದು ನನ್ನ ಮನೆಯಲ್ಲ, ಒಳಗಿನ ಸತ್ತವರು ನನ್ನವರಲ್ಲ, ಆದರೂ ನಾನು ನನ್ನ ಹೊಸಿಲ ಮೇಲೆ ಉಸಿರು ಬಿಗಿಹಿಡಿದು ನಿಂತೆ. ಅವರು ಕೆಮ್ಮಿ ಬಾಗಿಲು ತೆಗೆದು ಒಳಗೆ ಹೋದ ಮೇಲೆ ರೂಮಿಗೆ ಬಂದೆ. ಈ ವರ್ಷ ಅವ್ವನಿಗೆ ಕೊಡಲು ಇಟ್ಟುಕೊಂಡಿದ್ದು ಹೊಟ್ಟೆಯಲ್ಲೇ ಉಳಿದಿತ್ತು, ಹೇಳೋಣವೆಂದರೆ ಎದುರಿಗೆ ಒಂದು ನರಪಿಳ್ಳೆಯಿಲ್ಲ. ಮಕ್ಕಳ ಪರೀಕ್ಷೆಯ ಹಾಳೆಗಳ ಹಿಂಬದಿ ಖಾಲಿಯಿತ್ತು. ಬೇಕರಿಯ ಮೆಟ್ಟಿಲ ಮೇಲೆ ಒಬ್ಬಳು ಬಸ್ಸಿಗೆ ಕಾಯುತ್ತಿದ್ದಳು ಎಂದು ಬರೆದೆ. ನಾನು ಬರೆದ ಮೊದಲ ವಾಕ್ಯ ಅದು. ಸ್ಫೂರ್ತಿ ಎಂದರೆ ಅದೇ ಇರಬಹುದು ಕಣಮ್ಮ, ಕೇಳುವವರು ಯಾರೂ ಇಲ್ಲದಿರುವುದು. ಆ ಕಾಲೇಜಿನ ಹುಡುಗಿಗೆ ಇದನ್ನು ಹೇಳಬೇಕಿತ್ತು.

ಆ ಕತೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ತೆಗೆದುಕೊಂಡು ಊರಿಗೆ ಹೋದೆ. ಅತ್ತೆ ಆಗ ಇರಲಿಲ್ಲ, ಅವಳೂ ಪಕ್ಷದ ಎಲೆಗೆ ಸೇರಿದ್ದಳು, ಅವಳ ಪಕ್ಕ ಎಲೆಯಡಿಕೆ ಚೀಲ ಇಡುತ್ತಿದ್ದೆವು. ಅಪ್ಪ ರಿಟೈರಾಗಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಾನೇ ಓದಿ ಹೇಳಿದೆ. ಒಳಗೊಳಗೇ ಒಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಇಡೀ ಕತೆಯನ್ನು ಕೇಳಿದರೆ ಅವನು ತಡೆಯಲಾರದೆ, ಇದೆಲ್ಲ ಹಾಗಲ್ಲ, ಅವಳು ಹೀಗಿದ್ದಳು ಎನ್ನುತ್ತಾನೆ, ಆಗ ನನಗೆ ಬೇಕಾದ ಆ ಒಂದು ನಿಜ ಸಿಕ್ಕಿಬಿಡುತ್ತದೆ ಎಂದು. ಓದಿ ಮುಗಿಸಿದೆ. ಹೊರಗೆ ಯಾರೋ ತರಕಾರಿ ಕೂಗಿಕೊಂಡು ಹೋದರು. ಕೊನೆಗೆ ನಾನೇ ಕೇಳಿದೆ.

"ಅಪ್ಪ, ದಿಟವಾಗ್ಲೂ ಅವ್ವಂಗೆ ಏನ್ ಇಷ್ಟ ಇತ್ತು?"

ಅವನು ಕನ್ನಡಕ ತೆಗೆದ. ಆಪರೇಷನ್ನಾದ ಕಣ್ಣಿಂದ ನೀರು ಸುರಿಯುತ್ತಿತ್ತು.

"ನಾನು ಕೇಳೇ ಇರ್ಲಿಲ್ಲ ಕಣವ್ವ. ಕೇಳ್ಬೇಕು ಅನ್ನೋದೇ ತಿಳೀನಿಲ್ಲ. ಬತ್ತಿದ್ದೆ, ಇಕ್ಕಿದ್ದ ಉಣ್ತಿದ್ದೆ, ಮನೀಕತಿದ್ದೆ. ಇಂಗೆ ಒಂಟೋಯ್ತಾಳೆ ಅಂತ ಯಾರ್ ಕಂಡಿದ್ರು? ಅವತ್ತು ನೀನು ಅಂಗಂದಾಗ, ಮೊಲೆ ಕೂಸ್ಗೆ ಗೊತ್ತಿರೋದು ಗಂಡ ಆದ ನಂಗೊತ್ತಿಲ್ವಲ್ಲ ಅಂತ ಕರುಳು ಕಿತ್ಬಂದಂಗಾಯ್ತು."

ನಾನು ಬಾಯಿ ತೆರೆದೆ. ಅಪ್ಪ, ಅದು ನಾನು ಕಟ್ಟಿ ಹೇಳಿದ್ದು ಎನ್ನಬೇಕು. ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಮುಂದುವರಿಸಿದ, ನನಗೆ ಹೇಳುತ್ತಿದ್ದಾನೋ ಗೋಡೆಗೆ ಹೇಳುತ್ತಿದ್ದಾನೋ ತಿಳಿಯದ ಹಾಗೆ.

"ಆ ಅರ್ಧ ಇತ್ತಲ್ಲ, ಸೆರಗಿಗೆ ಕಟ್ಕಂಡಿದ್ದು. ಅದ್ನ ನಂಗೆ ಯಾವತ್ತೂ ಕೊಡ್ಲಿಲ್ಲ ಕಣವ್ವ. ನಾನು ಬರೋ ಹೊತ್ಗೆ ಮನೀಕಂಬುಟ್ಟಿರೋಳು. ಕಾದು ಕಾದು ಬಿಸಾಕ್ಬುಟ್ಟಿರ್ತಾಳೆ. ಎಲ್ಲಾದ್ಕೂ ನಾನು ಲೇಟಾಗೇ ಬಂದೆ."

ಇಷ್ಟು ವರ್ಷ ನಾನು ಅವನ ಬಾಯಿ ತೆರೆಯಲೆಂದು ಕಾದಿದ್ದೆ, ಅವನು ನನ್ನ ಬಾಯಿ ತೆರೆಯಲೆಂದು ಕಾದಿದ್ದ. ಅವನ ಹತ್ತಿರ ನನಗೆ ಕೊಡಲು ಏನೂ ಇರಲಿಲ್ಲ. ಅವ್ವನ ವಿಷಯ ನನಗೆ ಯಾವ ನಿಜವೂ ಇನ್ನು ಸಿಗುವುದಿಲ್ಲ ಎಂದು ಆ ಚಾಪೆಯ ಮೇಲೆ ಕೂತಲ್ಲೇ ತಿಳಿಯಿತು. ಪತ್ರಿಕೆ ಮಡಿಸಿ ಪಕ್ಕಕ್ಕೆ ಇಟ್ಟೆ.

"ಒಂದಿನ ಕೊಟ್ಟಿದ್ಲು ಕಣಪ್ಪ. ನಿಂಗೆ ನೆಪ್ಪಿಲ್ಲ ಅಷ್ಟೇ."

ಅಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ.

"ಯಾವಾಗವ್ವ?"

"ನಿನ್ ಬಸ್ಸು ಬೇಗ ಬಂದಿತ್ತಲ್ಲ, ಅವತ್ತು," ಎಂದು ನಾನು ಶುರು ಮಾಡಿದೆ.